ಹುಡಿಯಿಂದ ಬೆಳೆಯುವ ಯಂತ್ರಭಾಗ: ಅಳತೆ ಹಿಡಿಯುವುದು ಯಾವಾಗ?

2024ನೆಯ ಇಸವಿ ಮೇ 9ರಂದು ತಮಿಳುನಾಡಿನ ಮಹೇಂದ್ರಗಿರಿಯಲ್ಲಿರುವ ಇಸ್ರೋದ ಪರೀಕ್ಷಾಕೇಂದ್ರದಲ್ಲಿ ಒಂದು ಸಣ್ಣ ರಾಕೆಟ್ ಎಂಜಿನನ್ನು 665 ಸೆಕೆಂಡುಗಳ ಕಾಲ ಉರಿಸಿ ಪರೀಕ್ಷಿಸಿದರು. ಪಿ.ಎಸ್.ಎಲ್.ವಿ. ರಾಕೆಟ್ಟಿನ ನಾಲ್ಕನೆಯ, ಎಂದರೆ ಕಟ್ಟಕಡೆಯ ಹಂತದಲ್ಲಿ ಕೆಲಸ ಮಾಡುವ ಪಿ.ಎಸ್. 4 ಎಂಬ ಎಂಜಿನು ಅದು. ಎಂಜಿನು ಹಳೆಯದೇ, ಅದನ್ನು ಮಾಡಿದ ರೀತಿ ಮಾತ್ರ ಹೊಸದು. ಹಿಂದಿನ ಕ್ರಮದಲ್ಲಿ ಅದಕ್ಕೆ 14 ಬಿಡಿಭಾಗಗಳು ಬೇಕಾಗುತ್ತಿದ್ದವು. ಅವನ್ನು ಕೂಡಿಸಲು 19 ವೆಲ್ಡಿಂಗ್ ಬೆಸುಗೆಗಳು. ಈಗ ಇಡೀ ಎಂಜಿನು ಒಂದೇ ತುಂಡು. ಹಿಂದೆ ಒಂದು ಎಂಜಿನಿಗೆ 565 ಕಿಲೋ ಲೋಹದ ಗಟ್ಟಿ ಮತ್ತು ತಗಡು ಬೇಕಾದಲ್ಲಿ ಈಗ 13.7 ಕಿಲೋ ಲೋಹದ ಹುಡಿ ಸಾಕಾಯಿತೆಂದೂ, ತಯಾರಿಕೆಯ ಒಟ್ಟು ಸಮಯ ನೂರಕ್ಕೆ 60ರಷ್ಟು ಇಳಿಯಿತೆಂದೂ ಇಸ್ರೋ ಪ್ರಕಟಿಸಿದೆ. ಹೊಸ ವಿನ್ಯಾಸ ಇಸ್ರೋದ ದ್ರವ ಇಂಧನ ಎಂಜಿನುಗಳ ಕೇಂದ್ರದ್ದು. ತಯಾರಿಸಿದ್ದು ಬೆಂಗಳೂರಿನ ವಿಪ್ರೋ ತ್ರೀಡಿ. (ನಮ್ಮ ಖಾನದೇಶದ ಅಮಳನೇರಿನಲ್ಲಿ 1945ರಲ್ಲಿ ವನಸ್ಪತಿ ತಯಾರಿಸಲು ಹುಟ್ಟಿದ ಸಂಸ್ಥೆಯ ವಂಶದ್ದೇ ಇದು. ಎಣ್ಣೆಯಿಂದ ರಾಕೆಟ್ಟಿನವರೆಗೆ ಸಾಗಿದ ದಾರಿ ದೊಡ್ಡದೇ.)

ಪತ್ರಿಕೆಗಳು ಈ ಅಂಕೆಗಳನ್ನು ಕೊಟ್ಟು ಸುಮ್ಮನಾದವು. ಆದರೆ ವಿಕ್ರೋಲಿ, ಭಾಂಡುಪ್, ಠಾಣೆ, ಅಂಬರನಾಥಗಳ ಕಾರ್ಖಾನೆಗಳಲ್ಲಿ ಲೇತಿನ ಮುಂದೆ ನಿಂತವರಿಗೆ, ಇನ್ಸ್‌ಪೆಕ್ಷನ್ ಮೇಜಿನ ಹಿಂದೆ ಕುಳಿತವರಿಗೆ ಬೇರೊಂದು ಪ್ರಶ್ನೆ ಏಳಬೇಕು. ಇಸ್ರೋಗೆ ಬೇಕಾದ ವಿಕಾಸ್ ಎಂಜಿನುಗಳು ವಿಕ್ರೋಲಿಯ ಗೋದ್ರೆಜ್ ಕಾರ್ಖಾನೆಯಲ್ಲಿ ತಯಾರಾಗಿ ಹೋಗಿರುವುದು ಮುಂಬಯಿಯವರಿಗೆ ಗೊತ್ತಿರುವ ಸಂಗತಿ. ಅಂಥ ಕೆಲಸದಲ್ಲಿ ಪ್ರತಿಯೊಂದು ಬಿಡಿಭಾಗವನ್ನೂ ಕೂಡಿಸುವ ಮೊದಲೇ ಅಳೆಯುತ್ತಾರೆ. ಒಳಗಿನ ತೂತು, ಗೋಡೆಯ ದಪ್ಪ, ಕಾಲುವೆಯ ಅಗಲ, ಎಲ್ಲವೂ ಬಯಲಿನಲ್ಲಿರುವಾಗಲೇ ವರ್ನಿಯರಿಗೂ ಗೇಜಿಗೂ ಸಿಗುತ್ತವೆ. 14 ಭಾಗಗಳೆಂದರೆ ತಪ್ಪು ಹಿಡಿಯಲು 14 ಅವಕಾಶಗಳು. ಬೆಸುಗೆಗಳು ಹೋದದ್ದು ಒಳ್ಳೆಯದೇ, ಸೋರುವುದೂ ಬಿರಿಯುವುದೂ ಹೆಚ್ಚಾಗಿ ಅಲ್ಲಿಯೇ ಅಲ್ಲವೆ? ಆದರೆ ಅವುಗಳ ಜೊತೆಗೆ, ಮುಚ್ಚುವ ಮೊದಲು ಒಳಗೆ ಇಣುಕಿ ನೋಡುವ ಸಂದರ್ಭವೂ ಹೋಯಿತು. ಒಂದೇ ತುಂಡಾಗಿ ಹುಟ್ಟಿದ ಎಂಜಿನಿನ ಹೊಟ್ಟೆಯೊಳಗಿನ ಸಣ್ಣ ಕಾಲುವೆಗೆ ಯಾವ ವರ್ನಿಯರಿನ ದವಡೆಯೂ ಹೋಗಲಾರದು. ಹಾಗಾದರೆ ಅಳತೆ ಸರಿಯಾಗಿದೆಯೆಂದು ತಿಳಿಯುವುದು ಹೇಗೆ? ಕಟ್ಟುತ್ತಿರುವಾಗಲೇ ನೋಡಬೇಕು, ಬೇರೆ ದಾರಿ ಕಡಿಮೆ.

ಮೊದಲು ಈ ಕಟ್ಟುವ ಕೆಲಸ ಹೇಗೆಂದು ತಿಳಿಯೋಣ. ಗಾಳಿಯಾಡದ ಪೆಟ್ಟಿಗೆಯೊಂದರಲ್ಲಿ ದಪ್ಪ ಲೋಹದ ಪ್ಲೇಟು ಇರುತ್ತದೆ. ಲೋಹ ಸುಟ್ಟು ಕಿಲುಬಾಗಬಾರದೆಂದು ಪೆಟ್ಟಿಗೆಯಲ್ಲಿ ಆರ್ಗಾನ್ ಅಥವಾ ನೈಟ್ರೋಜನ್ ಅನಿಲ ತುಂಬಿರುತ್ತಾರೆ. ಪ್ಲೇಟಿನ ಮೇಲೆ ಒಂದು ಅಲಗು ಲೋಹದ ನುಣ್ಣನೆಯ ಹುಡಿಯನ್ನು ತೆಳುವಾಗಿ ಬಳಿದು ಹೋಗುತ್ತದೆ. ಹುಡಿಯ ಕಣಗಳು ಸಾಮಾನ್ಯವಾಗಿ 15ರಿಂದ 45 ಮೈಕ್ರಾನಿನವು. ಮೈಕ್ರಾನೆಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಬಳಿಕ ಮೇಲಿನಿಂದ ಲೇಸರ್ ಕಿರಣ ಇಳಿದು, ಆ ಮಟ್ಟದಲ್ಲಿ ಲೋಹ ಎಲ್ಲೆಲ್ಲಿ ಬೇಕೋ ಅಲ್ಲಲ್ಲಿ ಹುಡಿಯನ್ನು ಕರಗಿಸುತ್ತ ಓಡುತ್ತದೆ. ಕರಗಿದ್ದು ಕ್ಷಣದೊಳಗೆ ಗಟ್ಟಿಯಾಗಿ ಕೆಳಗಿನ ಪದರಕ್ಕೆ ಹತ್ತಿಕೊಳ್ಳುತ್ತದೆ. ಪ್ಲೇಟು ಒಂದು ಕೂದಲೆಳೆಯಷ್ಟು ಕೆಳಗಿಳಿಯುತ್ತದೆ, ಅಲಗು ಮತ್ತೆ ಹುಡಿ ಬಳಿಯುತ್ತದೆ, ಲೇಸರ್ ಮತ್ತೆ ಗೀಚುತ್ತದೆ. ಕೊನೆಗೆ ಕರಗದೆ ಉಳಿದ ಹುಡಿಯನ್ನು ಕೊಡವಿ ತೆಗೆದರೆ ಭಾಗ ಹೊರಬೀಳುತ್ತದೆ. ಹುಡಿಯನ್ನು ಲೇಸರಿನಿಂದ ಪದರ ಪದರವಾಗಿ ಬೆಸೆಯುವ ಈ ಯುಕ್ತಿಯನ್ನು 1980ರ ದಶಕದಲ್ಲಿ ಅಮೆರಿಕದ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ ಕಾರ್ಲ್ ಡೆಕಾರ್ಡ್ ಎಂಬ ವಿದ್ಯಾರ್ಥಿ ತನ್ನ ಗುರು ಜೋ ಬೀಮನ್ ಅವರ ಕೈಕೆಳಗೆ ಮೊದಲು ಸಾಧಿಸಿದ. ಅದು ಪ್ಲಾಸ್ಟಿಕ್ ಹುಡಿಯಿಂದ ಆರಂಭವಾಗಿ ಮುಂದೆ ಲೋಹಕ್ಕೆ ಬಂದಿತು.

ಪದರದ ದಪ್ಪ 20ರಿಂದ 60 ಮೈಕ್ರಾನಿನವರೆಗೆ ಇರುವುದು ರೂಢಿ. 40 ಎಂದು ಹಿಡಿಯೋಣ. ಹಳೆಯ ಫಿಟ್ಟರರ ಲೆಕ್ಕದಲ್ಲಿ ಒಂದೂವರೆ ಥೌ. 30 ಸೆಂಟಿಮೀಟರ್ ಎತ್ತರದ ಭಾಗ ಕಟ್ಟಲು 7,500 ಪದರಗಳಾದವು. ಪದರವೊಂದಕ್ಕೆ ಹುಡಿ ಬಳಿಯಲು ಕೇವಲ 10 ಸೆಕೆಂಡು ಹಿಡಿದರೂ ಅದೊಂದಕ್ಕೇ ಸುಮಾರು 21 ಗಂಟೆ. ಲೇಸರಿನ ಕೆಲಸ ಅದರ ಮೇಲೆ ಬೇರೆ. ಹೀಗೆ ಹಗಲೂ ರಾತ್ರಿಯೂ ದಿನಗಟ್ಟಲೆ ನಡೆಯುವ ಕೆಲಸದಲ್ಲಿ 300ನೆಯ ಪದರದಲ್ಲಿ ಆದ ತಪ್ಪು 7,500ನೆಯ ಪದರ ಮುಗಿದ ಮೇಲೆ ಗೊತ್ತಾದರೆ ಫಲವೇನು? ಪೇಢಿಯಲ್ಲಿ ಖಾತೆ ಬರೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೂರನೆಯ ಪುಟದ ಮೊತ್ತ ತಪ್ಪಿದರೆ, ಮುಂದಿನ ಪುಟಗಳ ಕೂಡುವಿಕೆ ಎಷ್ಟೇ ಚೊಕ್ಕವಾಗಿದ್ದರೂ ವರ್ಷದ ಕೊನೆಗೆ ತಾಳೆಯಾಗದು. ಖಾತೆಯಲ್ಲಾದರೆ ಹಿಂದಿನ ಪುಟ ತಿರುವಿ ತಿದ್ದಬಹುದು. ಇಲ್ಲಿ ಹಿಂದಿನ ಪುಟ ಲೋಹದಡಿ ಹೂತುಹೋಗಿರುತ್ತದೆ. ಗೋಡೆ ಕಟ್ಟುವ ಮೇಸ್ತ್ರಿ ಎರಡು ಮೂರು ವರಸೆ ಕಲ್ಲು ಏರಿಸಿದೊಡನೆ ದಾರಕ್ಕೆ ಕಟ್ಟಿದ ಗುಂಡನ್ನು ಇಳಿಬಿಟ್ಟು ನೋಡುವುದು ಇದೇ ಕಾರಣಕ್ಕೆ.

ತಪ್ಪು ಎಲ್ಲಿಂದ ಬರುತ್ತದೆ? ಹುಡಿ ಬಳಿಯುವುದರಲ್ಲಿ ಬರಬಹುದು: ಅಲಗಿನ ಅಂಚು ಎಲ್ಲೋ ಚಕ್ಕೆ ಎದ್ದಿದ್ದರೆ ಹುಡಿಯ ಮೇಲೆ ಉದ್ದನೆಯ ಗೀರು ಬೀಳುತ್ತದೆ, ಹುಡಿ ಸಾಲದಿದ್ದರೆ ತಗ್ಗು ಉಳಿಯುತ್ತದೆ. ಲೇಸರಿನ ಗುರಿಯಲ್ಲಿ ಬರಬಹುದು: ಕಿರಣವನ್ನು ಅತ್ತಿತ್ತ ಆಡಿಸುವುದು ಎರಡು ಪುಟ್ಟ ಕನ್ನಡಿಗಳು; ಗಂಟೆಗಟ್ಟಲೆ ಕೆಲಸದಲ್ಲಿ ಅವು ಬಿಸಿಯಾಗಿ ಗುರಿ ಸ್ವಲ್ಪ ಸ್ವಲ್ಪವೇ ಸರಿಯುವುದುಂಟು. ಎರಡು ಮೂರು ಲೇಸರ್ ಇರುವ ಯಂತ್ರದಲ್ಲಿ ಒಂದರ ಗಡಿ ಇನ್ನೊಂದಕ್ಕೆ ಕೂಡದೆ ನಡುವೆ ಹೊಲಿಗೆಯಂಥ ಗೆರೆ ಏಳುತ್ತದೆ.

ಇವೆಲ್ಲಕ್ಕಿಂತ ಹೆಚ್ಚು ಕಾಡುವುದು ಶಾಖ. ನಮ್ಮ ಊರಿನ ಕಡೆ ಚಾಪೆಯ ಮೇಲೆ ಬಿಸಿಲಿಗೆ ಹಾಕಿದ ಹಲಸಿನ ಹಪ್ಪಳವನ್ನು ನೆನೆಯಿರಿ. ಮೇಲ್ಮೈ ಮೊದಲು ಒಣಗಿ ಕುಗ್ಗುತ್ತದೆ, ಕೆಳಮೈ ಇನ್ನೂ ಹಸಿ; ಆದುದರಿಂದ ಅಂಚು ಮೇಲಕ್ಕೆ ಏಳುತ್ತದೆ. ಲೋಹದಲ್ಲೂ ಹಾಗೆಯೇ. ಈಗಷ್ಟೇ ಕರಗಿದ ಮೇಲಿನ ಪದರ ಆರುತ್ತ ಕುಗ್ಗಬಯಸುತ್ತದೆ. ಕೆಳಗಿನದು ಆಗಲೇ ತಣಿದು ಬಿಗಿಯಾಗಿದೆ, ಬಿಟ್ಟುಕೊಡುವುದಿಲ್ಲ. ಈ ಎಳೆದಾಟದಲ್ಲಿ ಭಾಗದ ಅಂಚುಗಳು ಮೇಲಕ್ಕೆ ಸೊಟ್ಟಗಾಗಲು ನೋಡುತ್ತವೆ. ಅದಕ್ಕೆಂದೇ ಭಾಗವನ್ನು ಪ್ಲೇಟಿಗೆ ಲೋಹದ ಕಾಲುಗಳಿಂದ ಕಟ್ಟಿಹಾಕಿರುತ್ತಾರೆ. ಕಾಲು ಸಾಲದಿದ್ದರೆ ಅಂಚು ಹುಡಿಯ ಮಟ್ಟಕ್ಕಿಂತ ಮೇಲೆದ್ದು ನಿಲ್ಲುತ್ತದೆ. ಮುಂದಿನ ಸಲ ಬರುವ ಅಲಗು ಅದಕ್ಕೆ ಬಡಿಯುತ್ತದೆ. ಅಲಗು ಹಾಳು, ಇಲ್ಲವೆ ಭಾಗ ಹಾಳು, ಕೆಲವೊಮ್ಮೆ ಎರಡೂ.

ಇನ್ನೊಂದು ತಪ್ಪು ಇದಕ್ಕಿಂತ ಕಳ್ಳ. ಕಾಲುವೆಯ ಮೇಲ್ಛಾವಣಿಯನ್ನು ಕಟ್ಟುವಾಗ ಅದರ ಮೊದಲ ಪದರದ ಕೆಳಗೆ ಗಟ್ಟಿ ಲೋಹವಿಲ್ಲ, ಬರೀ ಸಡಿಲ ಹುಡಿ. ಗಟ್ಟಿ ಲೋಹ ಶಾಖವನ್ನು ಬೇಗನೆ ಎಳೆದುಕೊಳ್ಳುತ್ತದೆ. ಹುಡಿಗೆ ಆ ಶಕ್ತಿ ಇಲ್ಲ. ಹೀಗಾಗಿ ಅಲ್ಲಿ ಲೋಹ ಬೇಕಾದ್ದಕ್ಕಿಂತ ಹೆಚ್ಚು ಕರಗಿ, ಕೆಳಗಿನ ಹುಡಿಯನ್ನೂ ಅಂಟಿಸಿಕೊಂಡು ಜೋತುಬೀಳುತ್ತದೆ. ಡ್ರಾಯಿಂಗಿನಲ್ಲಿ ದುಂಡಗಿದ್ದ ಕಾಲುವೆ ನಿಜದಲ್ಲಿ ಮೇಲಿನಿಂದ ಒತ್ತಿದಂತೆ ಕಿರಿದಾಗುತ್ತದೆ. ಇಂಧನ ಹರಿಯುವ ದಾರಿ ಹೀಗೆ ಕಿರಿದಾದರೆ ಹರಿವು ಕಡಿಮೆಯಾಗುವುದು. ಅದೇ ಇಂಧನ ಗೋಡೆಯನ್ನು ತಂಪಾಗಿಡುವ ಕೆಲಸವನ್ನೂ ಮಾಡುತ್ತಿದ್ದರೆ ಗೋಡೆ ಕರಗುವವರೆಗೆ ಹೋಗಬಹುದು. ಮಿಲಿಮೀಟರಿನ ಹತ್ತರಲ್ಲಿ ಎರಡು ಮೂರು ಪಾಲು ಎಂದು ಅಲಕ್ಷಿಸುವಂತಿಲ್ಲ.

ಇನ್ನು ನೋಡುವ ಬಗೆ. ಅತ್ಯಂತ ಸರಳವಾದದ್ದು ಕ್ಯಾಮರಾ. ಪ್ರತಿ ಪದರಕ್ಕೆ ಎರಡು ಚಿತ್ರ: ಹುಡಿ ಬಳಿದೊಡನೆ ಒಂದು, ಲೇಸರ್ ಓಡಿದ ಮೇಲೆ ಇನ್ನೊಂದು. ಮೊದಲನೆಯದರಲ್ಲಿ ಗೀರು, ತಗ್ಗು, ಹುಡಿಯ ಮೇಲೆ ತಲೆಯೆತ್ತಿದ ಅಂಚು, ಹಾರಿ ಬಿದ್ದ ಸಿಡಿಗಳು ಕಾಣುತ್ತವೆ. ಎರಡನೆಯದರಲ್ಲಿ ಆ ಪದರದ ಆಕಾರ ಕಾಣುತ್ತದೆ. ಕಂಪ್ಯೂಟರು ಈ ಆಕಾರದ ಅಂಚನ್ನು ಹುಡುಕಿ, ಅದೇ ಎತ್ತರದಲ್ಲಿ ಡ್ರಾಯಿಂಗನ್ನು ಕೊಯ್ದರೆ ಸಿಗುವ ಗೆರೆಯ ಮೇಲಿಟ್ಟು ಎಷ್ಟು ಹೊರಗೆ, ಎಷ್ಟು ಒಳಗೆ ಎಂದು ಲೆಕ್ಕ ಹಾಕುತ್ತದೆ. ಫರ್ಮಾ ಇಟ್ಟು ತಗಡು ಸರಿನೋಡಿದಂತೆಯೇ.

ಹೇಳಲು ಸುಲಭ. ಮಾಡಲು ಹೋದರೆ ತೊಡಕುಗಳು ಒಂದೊಂದಾಗಿ ಬರುತ್ತವೆ. 25 ಸೆಂಟಿಮೀಟರ್ ಅಗಲದ ಹುಡಿಯ ಹಾಸನ್ನು ಅಡ್ಡಲಾಗಿ 5,000 ಚುಕ್ಕೆಗಳಿರುವ ಕ್ಯಾಮರಾ ನೋಡುತ್ತಿದೆಯೆನ್ನಿ. ಒಂದು ಚುಕ್ಕೆಗೆ 50 ಮೈಕ್ರಾನ್ ಬಂತು. ಕೈಯಲ್ಲಿ ಹಿಡಿಯುವ ಸಾಮಾನ್ಯ ವರ್ನಿಯರಿನ ಕನಿಷ್ಠ ಅಳತೆ 20 ಮೈಕ್ರಾನ್, ಮೈಕ್ರೋಮೀಟರಿನದು 10. ಅಂದರೆ ಬೆಲೆಬಾಳುವ ಕ್ಯಾಮರಾ ಬಿಡಿಯಾಗಿ ನೋಡಿದರೆ ನಮ್ಮ ವರ್ನಿಯರಿಗಿಂತ ಒರಟು! ಉದ್ದನೆಯ ಅಂಚಿನ ನೂರಾರು ಚುಕ್ಕೆಗಳ ಸರಾಸರಿ ತೆಗೆದು ಇದನ್ನು ಒಂದು ಚುಕ್ಕೆಗಿಂತಲೂ ಸೂಕ್ಷ್ಮಗೊಳಿಸುತ್ತಾರೆ. ಆದರೆ ಒಂದು ಮಿಲಿಮೀಟರಿನ ತೂತಿನ ಸುತ್ತ ಅಷ್ಟು ಚುಕ್ಕೆಗಳು ಎಲ್ಲಿಂದ ಸಿಗಬೇಕು? ಅದಲ್ಲದೆ ನೆತ್ತಿಯ ಮೇಲಿನ ಜಾಗ ಲೇಸರಿನದು. ಕ್ಯಾಮರಾ ಸಾಮಾನ್ಯವಾಗಿ ಮಗ್ಗುಲಲ್ಲಿ ನಿಂತು ಓರೆಯಾಗಿ ನೋಡಬೇಕು. ಓರೆಯಿಂದ ಚೌಕ ಚೌಕವಾಗಿ ಕಾಣದು. ಅಳತೆ ಗೊತ್ತಿರುವ ಚುಕ್ಕೆಗಳ ಹಲಗೆಯೊಂದನ್ನು ಮೊದಲು ಹುಡಿಯ ಮಟ್ಟದಲ್ಲಿಟ್ಟು ಚಿತ್ರ ತೆಗೆದು, ಆ ಓರೆಯನ್ನು ಲೆಕ್ಕದಿಂದ ನೇರಮಾಡಿಕೊಳ್ಳುತ್ತಾರೆ.

ಬೆಳಕಿನ ತೊಡಕು ಇನ್ನೂ ವಿಚಿತ್ರವಾದದ್ದು. ಸಂಜೆ ಜುಹೂ ಕಡಲಕರೆಯಲ್ಲಿ ನಡೆದವರು ಬಲ್ಲರು: ಮುಳುಗುವ ಸೂರ್ಯನ ಕಡೆ ಮುಖ ಮಾಡಿದರೆ ಒದ್ದೆ ಮರಳು ಕನ್ನಡಿಯಂತೆ ಹೊಳೆಯುತ್ತದೆ, ಬೆನ್ನು ಮಾಡಿ ತಿರುಗಿದರೆ ಅದೇ ಮರಳು ಒಣಮರಳಿಗಿಂತ ಕಪ್ಪು. ಕರಗಿ ಗಟ್ಟಿಯಾದ ಲೋಹವೂ ಹೀಗೆಯೇ. ಹುಡಿ ಮಾತ್ರ ಎಲ್ಲ ಕಡೆಯಿಂದಲೂ ಒಂದೇ ಮಾಸಲು ಬೂದಿ ಬಣ್ಣ. ಒಂದು ದೀಪದಲ್ಲಿ ಬೆಳ್ಳಗೆ ಕಂಡ ಅಂಚು ಇನ್ನೊಂದು ದೀಪದಲ್ಲಿ ಹುಡಿಯೊಡನೆ ಬೆರೆತು ಮಾಯವಾಗಬಹುದು. ಲೇಸರ್ ಗೀಚಿದ ದಿಕ್ಕು ಪದರದಿಂದ ಪದರಕ್ಕೆ ತಿರುಗುವುದರಿಂದ ಹೊಳಪೂ ಪದರದಿಂದ ಪದರಕ್ಕೆ ಬದಲಾಗುತ್ತದೆ. ಆದುದರಿಂದ ನಾಲ್ಕೂ ಕಡೆಯಿಂದ ದೀಪಗಳನ್ನು ಒಂದೊಂದಾಗಿ ಹಚ್ಚಿ ಬೇರೆ ಬೇರೆ ಚಿತ್ರ ತೆಗೆದು, ಕೂಡಿಸಿ ನೋಡುವ ಏರ್ಪಾಡುಗಳಿವೆ. ಬೆಳಕು ಸರಿಯಿಲ್ಲದ ಕ್ಯಾಮರಾ ಅಳೆಯುವುದು ಭಾಗವನ್ನಲ್ಲ, ನೆರಳನ್ನು. ಯಂತ್ರ ಮಾರಲು ಬರುವವರು ಕ್ಯಾಮರಾದ ಚುಕ್ಕೆಗಳ ಸಂಖ್ಯೆಯನ್ನು ದೊಡ್ಡದಾಗಿ ಹೇಳುತ್ತಾರೆ. ದೀಪದ ವಿಷಯ ಕೇಳಬೇಕು.

ಎತ್ತರ ತಿಳಿಯಲು ಬೇರೆ ಉಪಾಯ. ಕಿಟಕಿಯ ಸರಳುಗಳ ನೆರಳು ಬರಿ ನೆಲದ ಮೇಲೆ ನೇರವಾಗಿ ಬೀಳುತ್ತದೆ. ಸುತ್ತಿಟ್ಟ ಹಾಸಿಗೆಯ ಮೇಲೆ ಬಿದ್ದಾಗ ಬಾಗುತ್ತದೆ. ಬಾಗಿನಿಂದ ಹಾಸಿಗೆಯ ಉಬ್ಬು ಎಷ್ಟೆಂದು ಲೆಕ್ಕ ಹಾಕಬಹುದು. ಹಾಗೆ ಕಪ್ಪು ಬಿಳಿ ಗೆರೆಗಳ ಬೆಳಕನ್ನು ಹುಡಿಯ ಹಾಸಿನ ಮೇಲೆ ಓರೆಯಾಗಿ ಚೆಲ್ಲಿ, ಗೆರೆಗಳು ಎಲ್ಲಿ ಬಾಗಿದವೆಂದು ಇನ್ನೊಂದು ಕಡೆಯಿಂದ ನೋಡಿ, ಇಡೀ ಹಾಸಿನ ಏರುತಗ್ಗುಗಳ ನಕ್ಷೆ ಮಾಡುತ್ತಾರೆ. ಮೇಲೇಳುತ್ತಿರುವ ಅಂಚು ಅಲಗಿಗೆ ಬಡಿಯುವ ಮೊದಲೇ, ಇನ್ನೂ ಕೆಲವು ಪದರ ಬಾಕಿಯಿರುವಾಗಲೇ, ಇದರಲ್ಲಿ ತಿಳಿಯುತ್ತದೆ.

ಮೂರನೆಯದು ಶಾಖದ ಬೆಳಕನ್ನು ನೋಡುವುದು. ಕರಗಿದ ಬಿಂದುವಿನಿಂದ ಹೊರಡುವ ಬೆಳಕನ್ನು ಸೂಕ್ಷ್ಮ ಉಪಕರಣಗಳು ಹಿಡಿದು, ಎಲ್ಲಿ ಹೆಚ್ಚು ಬಿಸಿ, ಎಲ್ಲಿ ಕಡಿಮೆ ಎಂದು ಪದರ ಪದರದ ನಕ್ಷೆ ಬರೆಯುತ್ತವೆ. ಇದು ಅಳತೆಯಲ್ಲ, ಸುಳಿವು ಮಾತ್ರ. ಆದರೆ ಮೊದಲು ಹೇಳಿದ ಛಾವಣಿಯ ವಿಷಯದಲ್ಲಿ ಈ ಸುಳಿವೇ ಕೈಹಿಡಿಯುವುದು. ಮೇಲಿನಿಂದ ನೋಡುವ ಕ್ಯಾಮರಾಗೆ ಛಾವಣಿಯ ಮೊದಲ ಪದರ ಡ್ರಾಯಿಂಗಿನಂತೆಯೇ ಕಾಣುತ್ತದೆ. ಜೋತುಬಿದ್ದದ್ದು ಅದರ ಕೆಳಗೆ, ಹುಡಿಯೊಳಗೆ. ಅಲ್ಲಿ ಬಿಸಿ ಹೆಚ್ಚಾಗಿತ್ತೆಂಬ ಗುರುತು ಮಾತ್ರ ನಕ್ಷೆಯಲ್ಲಿ ಉಳಿದಿರುತ್ತದೆ.

ಹೀಗೆ ಎಲ್ಲ ಪದರಗಳೂ ಒಪ್ಪಿತವಾದರೂ ಭಾಗ ಒಪ್ಪಿತವಾಯಿತೆನ್ನುವಂತಿಲ್ಲ. ಪ್ರತಿ ಪದರದ ಚಿತ್ರ ಆ ಕ್ಷಣದ್ದು. ಅದರ ಮೇಲೆ ಸಾವಿರಾರು ಪದರಗಳು ಬಿಸಿಯಾಗಿ ತಣಿಯುತ್ತ ಅದನ್ನು ಎಳೆದಿರುತ್ತವೆ. ಕೊನೆಗೆ ಪ್ಲೇಟಿನಿಂದ ಕೊಯ್ದು ತೆಗೆಯುವಾಗ ಒಳಗೆ ಅಡಗಿದ್ದ ಬಿಗಿತ ಸಡಿಲಾಗಿ ಭಾಗ ಒಮ್ಮೆಲೇ ಬಾಗಬಹುದು. ಆದುದರಿಂದಲೇ ಕೊಯ್ಯುವ ಮೊದಲು ಪ್ಲೇಟಿನ ಸಮೇತ ಒಲೆಯಲ್ಲಿ ಕಾಯಿಸಿ ಬಿಗಿತ ಇಳಿಸುವುದು ವಾಡಿಕೆ. ಎಷ್ಟು ಬಾಗುವುದೆಂದು ಮೊದಲೇ ಲೆಕ್ಕಹಾಕಿ, ಅಥವಾ ಮೊದಲ ಭಾಗವನ್ನು ಅಳೆದು ತಿಳಿದು, ಡ್ರಾಯಿಂಗನ್ನೇ ಎದುರು ದಿಕ್ಕಿಗೆ ಅಷ್ಟು ಬಾಗಿಸಿ ಕಟ್ಟುವುದೂ ಉಂಟು. ಇದು ಹೊಸ ವಿದ್ಯೆಯೇನಲ್ಲ. ಎರಕದ ಕಾರ್ಖಾನೆಯ ಮರದ ಅಚ್ಚು ಮಾಡುವವರ ಕೈಯಲ್ಲಿರುವ ಅಳತೆಕೋಲು ನಮ್ಮ ಕೋಲಿಗಿಂತ ಬೇಕೆಂದೇ ಉದ್ದ. ಬೀಡು ಕಬ್ಬಿಣಕ್ಕೆ ಅಡಿಗೆ ಸುಮಾರು ಒಂದು ಸೂತ್, ಎಂದರೆ ಇಂಚಿನ ಎಂಟರಲ್ಲೊಂದು ಪಾಲು ಹೆಚ್ಚು. ಆರಿದಾಗ ಕುಗ್ಗುವುದನ್ನು ಮೊದಲೇ ಕೊಟ್ಟಿರುತ್ತಾರೆ. ಹುಡಿಯ ಕೆಲಸದಲ್ಲಿ ಕುಗ್ಗುವಿಕೆ ಎಲ್ಲ ಕಡೆಯೂ ಒಂದೇ ಸಮನಾಗಿಲ್ಲ, ಅಷ್ಟೇ ವ್ಯತ್ಯಾಸ. ಆದ್ದರಿಂದ ಒಂದು ಕೋಲು ಸಾಲದು.

ತಪ್ಪು ಕಂಡರೆ ಏನು ಮಾಡಬಹುದು? ಹುಡಿ ಸರಿಯಾಗಿ ಹರಡದಿದ್ದರೆ ಯಂತ್ರ ಮತ್ತೊಮ್ಮೆ ಬಳಿಯುತ್ತದೆ, ಇದು ಸುಲಭ. ಒಂದೇ ಪ್ಲೇಟಿನ ಮೇಲೆ ಹತ್ತು ಭಾಗಗಳು ಬೆಳೆಯುತ್ತಿದ್ದು ಒಂದು ಮಾತ್ರ ಸೊಟ್ಟಗಾಗಿದ್ದರೆ, ಅದನ್ನು ಅಲ್ಲಿಗೇ ಬಿಟ್ಟು ಉಳಿದ ಒಂಬತ್ತನ್ನು ಮುಂದುವರಿಸಬಹುದು. ಹಟ ಹಿಡಿದು ಹತ್ತನ್ನೂ ಕಟ್ಟಹೋದರೆ ಹತ್ತೂ ಹೋದಾವು. ಇಡೀ ಯಂತ್ರ ನಿಲ್ಲಿಸಿ ನೋಡುವುದು ಮಾತ್ರ ಅಗ್ಗದ ಉಪಾಯವಲ್ಲ. ನಿಂತಾಗ ಭಾಗ ತಣಿದು ಕುಗ್ಗುತ್ತದೆ. ಮತ್ತೆ ಆರಂಭಿಸಿದ ಕಡೆ ಸುತ್ತಲೂ ಒಂದು ಗೆರೆ ಉಳಿದುಬಿಡುತ್ತದೆ. ಕಂಡ ತಪ್ಪಿಗೆ ತಕ್ಕಂತೆ ಲೇಸರಿನ ಶಕ್ತಿಯನ್ನು ಮುಂದಿನ ಪದರದಲ್ಲಿ ತಾನಾಗಿಯೇ ಹೆಚ್ಚು ಕಡಿಮೆ ಮಾಡಿಕೊಳ್ಳುವ ಯಂತ್ರಗಳ ಮೇಲೆ ಅನೇಕ ದೇಶಗಳಲ್ಲಿ ಸಂಶೋಧನೆ ನಡೆದಿದೆ. ಪೂರ್ತಿ ಸ್ವಾವಲಂಬಿಯಾದ ಯಂತ್ರ ಬಂದೇಬಿಟ್ಟಿತೆಂದು ಯಾರಾದರೂ ಹೇಳಿದರೆ ಒಂದಿಷ್ಟು ಉಪ್ಪುಖಾರ ಕಳೆದು ಕೇಳುವುದು ಮೇಲು.

ನಮ್ಮ ಪವಾಯಿಯ ಐ.ಐ.ಟಿ.ಯಲ್ಲಿ ಪ್ರೊ. ಕೆ. ಪಿ. ಕರುಣಾಕರನ್ ಮತ್ತು ಅವರ ಸಹಕಾರಿಗಳು ಇದೇ ಸಮಸ್ಯೆಗೆ ಬೇರೊಂದು ದಾರಿ ಹಿಡಿದರು. ಅದು ಹುಡಿಯದಲ್ಲ, ತಂತಿಯ ವೆಲ್ಡಿಂಗಿನಿಂದ ಪದರ ಏರಿಸುವ ಕ್ರಮ. ವೆಲ್ಡಿಂಗ್ ಮತ್ತು ಮಿಲ್ಲಿಂಗ್ ಎರಡೂ ಒಂದೇ ಯಂತ್ರದಲ್ಲಿ. ಪದರ ಹಾಕಿದೊಡನೆ ಕಟ್ಟರು ಬಂದು ಅದರ ಮೇಲ್ಮೈಯನ್ನು ಸಮತಟ್ಟಾಗಿ ಕೆತ್ತುತ್ತದೆ. ಬಳಿಕವೇ ಮುಂದಿನ ಪದರ. ಏರುತಗ್ಗಿನ ಸಾಲ ಮುಂದಕ್ಕೆ ಹೋಗುವುದೇ ಇಲ್ಲ. ದೊಡ್ಡ ಒರಟು ಭಾಗಗಳಿಗೆ ಇದು ಚೆನ್ನಾದ ಯುಕ್ತಿ. ರಾಕೆಟ್ ಎಂಜಿನಿನ ಸಣ್ಣ ಕಾಲುವೆಗಳಿಗೆ ಮಾತ್ರ ಹುಡಿಯೇ ಬೇಕು, ಹುಡಿಯೊಳಗೆ ಕಟ್ಟರು ಆಡಿಸುವುದು ಸುಲಭವಲ್ಲ.

ಈ ಬಗೆಯ ಯಂತ್ರಗಳು ಬಂದರೆ ಟರ್ನರ್, ಇನ್ಸ್‌ಪೆಕ್ಟರರ ಗತಿಯೇನೆಂದು ಕೇಳುವವರಿದ್ದಾರೆ. ಬೆಸುಗೆ ಹಾಕುವವರಿಗೆ ಕೆಲಸ ಕಡಿಮೆಯಾಗುವುದು ನಿಜ. 19 ಬೆಸುಗೆ ಹೋದವೆಂದರೆ ಅಷ್ಟು ಕೈಕೆಲಸ ಹೋಯಿತು, ಅದನ್ನು ಮುಚ್ಚಿಡುವುದು ಸರಿಯಲ್ಲ. ಆದರೆ ಹುಡಿಯಿಂದ ಬಂದ ಭಾಗ ಸಾಮಾನ್ಯವಾಗಿ ಮಿಲಿಮೀಟರಿನ ಹತ್ತರಲ್ಲೊಂದು ಪಾಲಿನ ಆಸುಪಾಸಿನಲ್ಲಿ ಮಾತ್ರ ಅಳತೆಗೆ ನಿಲ್ಲುತ್ತದೆ, ಮೈಯೂ ಒರಟು. ಇನ್ನೊಂದಕ್ಕೆ ಕೂಡುವ ಮುಖಗಳನ್ನೂ ಥ್ರೆಡ್ಡುಗಳನ್ನೂ ಬಳಿಕ ಲೇತಿನಲ್ಲಿಯೋ ಮಿಲ್ಲಿಂಗ್ ಯಂತ್ರದಲ್ಲಿಯೋ ತೆಗೆಯಲೇಬೇಕು. ಅಳತೆ ನೋಡುವವರ ಕೆಲಸವಂತೂ ಹೆಚ್ಚುತ್ತದೆ. ಮೇಲಿನ ನಮ್ಮ ಲೆಕ್ಕದ 7,500 ಪದರಗಳಿಗೆ ಎರಡೆರಡರಂತೆ 15,000 ಚಿತ್ರಗಳಾದವು. ಇವನ್ನು ಒಬ್ಬ ಮನುಷ್ಯ ಕುಳಿತು ನೋಡಲಾರ. ಕಂಪ್ಯೂಟರು ನೋಡಿ ಅನುಮಾನ ಬಂದವುಗಳನ್ನು ಬೇರೆ ಮಾಡುತ್ತದೆ. ಅದು ಸುಮ್ಮಸುಮ್ಮನೆ ಗುಲ್ಲೆಬ್ಬಿಸುವುದೂ ಉಂಟು, ನಿಜವಾದ ತಪ್ಪನ್ನು ಬಿಟ್ಟುಬಿಡುವುದೂ ಉಂಟು. ಬೇರೆ ಮಾಡಿದ ಇಪ್ಪತ್ತು ಮೂವತ್ತು ಚಿತ್ರಗಳಲ್ಲಿ ಯಾವುದು ಬರೀ ಹೊಳಪಿನ ಆಟ, ಯಾವುದು ಸೊಟ್ಟಗಾದ ಗೋಡೆ ಎಂದು ತೀರ್ಮಾನಿಸಲು ಡ್ರಾಯಿಂಗ್ ಓದಬಲ್ಲ, ಲೋಹದ ಸ್ವಭಾವ ಬಲ್ಲ ಕಣ್ಣೇ ಬೇಕು. ಕಂಪ್ಯೂಟರಿನ ಗುಲ್ಲು ನಿಜವೋ ಸುಳ್ಳೋ ಎಂದು ತಾಳೆ ನೋಡಲು, ಮೊದಮೊದಲ ಭಾಗಗಳನ್ನು ಸೀಳಿ ಒಳಗಿನ ಕಾಲುವೆಯನ್ನು ಹಳೆಯ ಕ್ರಮದಲ್ಲಿಯೇ ಅಳೆಯಬೇಕಾಗುತ್ತದೆ.

ಮುಗಿದ ಭಾಗವನ್ನು ಸೀಳದೆ ನೋಡಲು ಆಸ್ಪತ್ರೆಯ ಸ್ಕ್ಯಾನಿನಂತೆ ಸುತ್ತಲಿನಿಂದ ಎಕ್ಸ್‌ರೇ ಹಾಯಿಸುವ ಯಂತ್ರಗಳಿವೆ. ಆದರೆ ಲೋಹ ದಪ್ಪವೂ ಭಾರವೂ ಆದಷ್ಟು ಕಿರಣ ದಾಟುವುದು ಕಷ್ಟ, ಚಿತ್ರ ಮಸಕು. ಕಾಲುವೆಗಳಲ್ಲಿ ನೀರು ಹರಿಸಿ, ಗೊತ್ತಾದ ಒತ್ತಡದಲ್ಲಿ ನಿಮಿಷಕ್ಕೆ ಎಷ್ಟು ಹೊರಬಂತೆಂದು ಅಳೆಯುವುದು ಇನ್ನೊಂದು ಪರೀಕ್ಷೆ. ದಾರಿ ಕಿರಿದಾಗಿದ್ದರೆ ನೀರು ಹೇಳಿಬಿಡುತ್ತದೆ. ಎಲ್ಲಿ ಕಿರಿದಾಗಿದೆಯೆಂದು ಮಾತ್ರ ಹೇಳದು. ಅದನ್ನು ಹುಡುಕಲು ಮತ್ತೆ ಪದರಗಳ ಚಿತ್ರಗಳಿಗೇ ಹೋಗಬೇಕು. ಆದ್ದರಿಂದ ಆ ಚಿತ್ರಗಳನ್ನು ಭಾಗದ ನಂಬರಿನೊಡನೆ ಜೋಪಾನವಾಗಿ ಇಡುವುದು ಅವಶ್ಯ. ನಮ್ಮ ಲೆಕ್ಕದ 15,000 ಚಿತ್ರಗಳು, ಚುಕ್ಕೆಯೊಂದಕ್ಕೆ ಒಂದು ಬೈಟಿನಂತೆ ತಲಾ 25 ಮೆಗಾಬೈಟ್ ಹಿಡಿದರೆ, ಒಂದೇ ಒಂದು ಭಾಗಕ್ಕೆ 375 ಗಿಗಾಬೈಟ್ ಆಗುತ್ತವೆ. ಅಷ್ಟನ್ನು ಎಷ್ಟು ವರ್ಷ, ಯಾರ ಖರ್ಚಿನಲ್ಲಿ, ಯಾರ ಸಹಿಯಡಿ ಇಡಬೇಕೆಂಬುದನ್ನು ಆರ್ಡರು ಕೊಡುವವರೂ ಮಾಡಿಕೊಡುವವರೂ ಮೊದಲ ಪದರ ಬಳಿಯುವ ಮುನ್ನವೇ ಕಾಗದದ ಮೇಲೆ ಬರೆದುಕೊಳ್ಳಬೇಕಾಗುತ್ತದೆ.